ಹೊಳೆ ತೋರಿಸುವುದು ಅಂದರೆ ದಡ ತೋರಿಸುವುದಲ್ಲ

ನದಿ ತೀರದ ಪರಿಸರ ಪ್ರವಾಸದಲ್ಲಿ ಗೈಡ್ ಆಗಿ ಕೆಲಸ ಮಾಡುತ್ತೇನೆ. ದೋಣಿ ಹತ್ತಿದ ಕೂಡಲೇ ಜನ ಕೇಳುವುದು ಒಂದೇ. "ಮೊಸಳೆ ಕಾಣುತ್ತಾ? ನೀರುನಾಯಿ?" ಕೇಳಲಿ ಬಿಡಿ, ತಪ್ಪೇನಿಲ್ಲ. ಆದರೆ ಅಷ್ಟನ್ನೇ ತೋರಿಸಿ ಕಳಿಸಿದರೆ ನೀರಿನ ಒಳಗಿನದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ.

ಭೂಮಿಯ ಮೇಲ್ಮೈಯಲ್ಲಿ ಸಿಹಿನೀರು ಇರುವುದು ಶೇ. 1ಕ್ಕಿಂತ ಕಡಿಮೆ ಜಾಗದಲ್ಲಿ. ಜಗತ್ತಿನ ಮೀನು ಜಾತಿಗಳಲ್ಲಿ ಸುಮಾರು ಅರ್ಧದಷ್ಟು ಇರುವುದು ಅಷ್ಟರಲ್ಲೇ. ಸಿಹಿನೀರಿನ ಮೀನು, ಏಡಿ, ಸಿಗಡಿ, ಏರೋಪ್ಲೇನ್ ಚಿಟ್ಟೆಗಳಲ್ಲಿ ನಾಲ್ಕರಲ್ಲಿ ಸುಮಾರು ಒಂದು ಜಾತಿ ಅಪಾಯದಲ್ಲಿದೆ ಅಂತ 2025ರಲ್ಲಿ ಪ್ರಕಟವಾದ ದೊಡ್ಡ ಅಧ್ಯಯನ ಹೇಳಿತು. ಈ ಅಂಕಿಗಳನ್ನು ದೋಣಿಯಲ್ಲಿ ಹೇಳಿದರೆ ಜನ ತಲೆಯಾಡಿಸುತ್ತಾರೆ, ಆಮೇಲೆ ಫೋನ್ ನೋಡುತ್ತಾರೆ.

ಹಾಗಾಗಿ ನಾನು ಮೊದಲು ಮೊಣಕಾಲುದ್ದದ ನೀರಿಗೆ ಇಳಿಸುತ್ತೇನೆ. ಒಂದು ಕಲ್ಲನ್ನು ಮೆಲ್ಲಗೆ ಎತ್ತಿ, ಅಡಿಭಾಗವನ್ನು ನೀರು ತುಂಬಿದ ಬಿಳಿ ಟ್ರೇ ಮೇಲೆ ಹಿಡಿಯುತ್ತೇನೆ. ಮೊದಲು ಏನೂ ಕಾಣುವುದಿಲ್ಲ. ಸ್ವಲ್ಪ ತಡೆದರೆ ಮೇಫ್ಲೈ ಎಂಬ ಕೀಟದ ಚಪ್ಪಟೆ ಮೈಯ ಮರಿ ಸರಸರ ಓಡುತ್ತದೆ, ಹಿಂದೆ ಕೂದಲಿನಂಥ ಬಾಲಗಳು, ಹೊಟ್ಟೆಯ ಪಕ್ಕದಲ್ಲಿ ಪಟಪಟ ಅಲ್ಲಾಡುವ ಕಿವಿರು. ಮರಳಿನ ಕಣ ಅಂತ ಅಂದುಕೊಂಡದ್ದು ಕಾಲು ಚಾಚಿ ನಡೆಯಲು ಶುರು ಮಾಡುತ್ತದೆ. ಅದು ಕ್ಯಾಡಿಸ್ ಹುಳು, ಮರಳನ್ನು ತನ್ನ ರೇಷ್ಮೆಯಿಂದ ಅಂಟಿಸಿಕೊಂಡು ಮನೆ ಕಟ್ಟಿಕೊಂಡಿರುತ್ತದೆ. ಕೊಳಕು ನೀರಿನಲ್ಲಿ ಇಂಥವು ಬಹಳಷ್ಟು ಉಳಿಯುವುದಿಲ್ಲ, ಇವಿಲ್ಲದೆ ಎಷ್ಟೋ ಮೀನಿಗೆ ಊಟವಿಲ್ಲ. ಇಷ್ಟು ನೋಡಿದ ಮೇಲೆ "ಮೇಲಿನಿಂದ ಕೊಳಚೆ ಬಿಡ್ತಾರಾ?" ಅನ್ನುವ ಪ್ರಶ್ನೆ ಅವರಿಂದಲೇ ಬರುತ್ತದೆ.

ಕಲ್ಲನ್ನು ಎತ್ತಿದಲ್ಲೇ, ಅದೇ ಮಗ್ಗುಲಲ್ಲಿ ಇಡಬೇಕು. ಒಂದು ತಂಡಕ್ಕೆ ಒಂದೆರಡು ಕಲ್ಲು, ಅಷ್ಟೇ. ಮೀನು ಮೊಟ್ಟೆಯಿಡುವ ಕಾಲದಲ್ಲಿ ಆ ಜಾಗಕ್ಕೆ ಯಾರನ್ನೂ ಇಳಿಸುವುದಿಲ್ಲ, ಎಷ್ಟೇ ದುಡ್ಡು ಕೊಡಲಿ. ಬ್ರೆಜಿಲ್‌ನ ಬೊನಿತೊದಲ್ಲಿ ತಿಳಿನೀರಿನ ಹೊಳೆಗಳಲ್ಲಿ ತೇಲುತ್ತಾ ಮೀನು ನೋಡಬಹುದು. ಅಲ್ಲಿ ಎಷ್ಟು ಜನ ಹೋಗಬೇಕು ಅನ್ನುವುದಕ್ಕೆ ಮಿತಿ ಇದೆ. ನೀರಿಗೆ ಇಳಿಯುವವರು ಸನ್‌ಸ್ಕ್ರೀನ್ ಹಚ್ಚುವಂತಿಲ್ಲ, ತಳ ತುಳಿಯುವಂತಿಲ್ಲ. ಇದನ್ನೆಲ್ಲ ಮೊದಲೇ ಹೇಳಿಬಿಟ್ಟರೆ ಜನ ಜಗಳ ಮಾಡುವುದಿಲ್ಲ, ನೋಡಿದ್ದೇನೆ.

ಬೂಟಿನ ವಿಷಯ ಸಣ್ಣದು ಅನಿಸಬಹುದು. ನ್ಯೂಜಿಲೆಂಡ್‌ನ ಹೊಳೆಗಳಲ್ಲಿ 2004ರಲ್ಲಿ ಡಿಡಿಮೊ ಎಂಬ, ತಳದ ಕಲ್ಲುಗಳನ್ನು ದಪ್ಪಗೆ ಮುಚ್ಚಿಬಿಡುವ ಪಾಚಿ ಕಂಡಿತು. ಒದ್ದೆ ಬೂಟು, ಬಲೆ, ದೋಣಿಯ ಜೊತೆ ಅದು ಇನ್ನೊಂದು ಹೊಳೆಗೆ ಹೋಗಬಲ್ಲದು. ಅದಕ್ಕೇ ತೊಳೆದು, ಪೂರ್ತಿ ಒಣಗಿಸಿದ ಮೇಲೇ ನಾವು ಬೇರೆ ನೀರಿಗೆ ಇಳಿಯುವುದು.

ಇನ್ನು ದುಡ್ಡು. ಗಯಾನಾದ ರೇವಾ ಹಳ್ಳಿಯವರು ಅರಪೈಮಾ ಎಂಬ ಭಾರಿ ಮೀನನ್ನು ಹಿಡಿದು ವಾಪಸ್ ಬಿಡುವ ಪ್ರವಾಸ ನಡೆಸುತ್ತಾರೆ. ವಸತಿ ಹಳ್ಳಿಯದ್ದು, ಗೈಡ್‌ಗಳು ಹಳ್ಳಿಯವರೇ. ಮೀನು ಬದುಕಿದ್ದರೇ ಸಂಪಾದನೆ. ಲಾಭವೆಲ್ಲ ಹೊರಗಿನವರ ಜೇಬಿಗೆ ಹೋಗಿ, ಬಲೆ ಹಾಕುವವನಿಗೆ ಬರೀ ನಿಷೇಧ ಸಿಕ್ಕರೆ ಅವನು ಹೊಳೆ ಯಾಕೆ ಕಾಯಬೇಕು? ನಮ್ಮಲ್ಲಿ ದೋಣಿ ನಡೆಸುವವರು ಮೀನುಗಾರರೇ. ಯಾವ ಮಡುವಿನಲ್ಲಿ ಮರಿ ಇವೆ ಅಂತ ನನಗಿಂತ ಅವರಿಗೇ ಜಾಸ್ತಿ ಗೊತ್ತು.

ಪ್ರವಾಸದಿಂದ ಅಣೆಕಟ್ಟು ನಿಲ್ಲುವುದಿಲ್ಲ, ಕಾರ್ಖಾನೆಯ ಪೈಪೂ ಮುಚ್ಚುವುದಿಲ್ಲ. ನಮ್ಮದೇ ಪೈಪ್ ಮಾತ್ರ ನಮ್ಮ ಕೈಯಲ್ಲಿದೆ. ನದಿ ಪಕ್ಕ ರೂಮ್ ಬುಕ್ ಮಾಡುವ ಮುಂಚೆ ಒಂದು ಪ್ರಶ್ನೆ ಕೇಳಿ: ನಿಮ್ಮ ಶೌಚಾಲಯದ ನೀರು ಎಲ್ಲಿಗೆ ಹೋಗುತ್ತೆ? ನೇರ ಉತ್ತರ ಬರದಿದ್ದರೆ ಬೇರೆ ಕಡೆ ನೋಡಿ.