ಬೇರಜ್ಜಿ ಅಪ್‌ಡೇಟ್: ನನ್ನ ಡ್ರೂಯಿಡ್ ವಿಲನ್ ಎಲ್ಲಿವರೆಗೆ ಬಂದ್ಲು

ಟೇಬಲ್ ಸುತ್ತ ಕೂತು ಡೈಸ್ ಹಾಕಿ ಆಡೋ ಕಥೆ ಆಟ ಒಂದನ್ನ ನಾನು ನಡೆಸ್ತೀನಿ, ಅದಕ್ಕೆ ಮಾಡ್ತಿರೋ ವಿಲನ್ ಇವಳು, ಡ್ರೂಯಿಡ್, ಅಂದ್ರೆ ಪ್ರಕೃತಿಯ ಮಂತ್ರಗಾರ್ತಿ. ಹೋದ ಸಲ ಬರೆದಾಗ ಅವಳಿಗೆ ಹೆಸರು ಕೂಡ ಇರ್ಲಿಲ್ಲ, ನೋಟ್‌ಬುಕ್‌ನಲ್ಲಿ "ಕೆಟ್ಟ ಡ್ರೂಯಿಡ್, ಮುದುಕಿ?" ಅಂತ ಒಂದೇ ಒಂದು ಲೈನ್ ಇತ್ತು. ಈಗ ಹೆಸರಿದೆ, ಸ್ಟ್ಯಾಟ್ ಬ್ಲಾಕ್ (ಅವಳ ಶಕ್ತಿಯ ಲೆಕ್ಕದ ಪಟ್ಟಿ) ಇದೆ, ಎರಡು ಟೆಸ್ಟ್ ಫೈಟ್ ಆಗಿದೆ, ಅದ್ರಲ್ಲಿ ಒಂದ್ರಲ್ಲಿ ಎರಡೇ ರೌಂಡಿಗೆ ಸತ್ತೂ ಹೋದ್ಲು. ರೂಲ್ಸ್ ಡಂಜನ್ಸ್ ಅಂಡ್ ಡ್ರ್ಯಾಗನ್ಸ್ ಐದನೇ ಎಡಿಷನ್, 2014ರದ್ದೇ, 2024ರದ್ದಕ್ಕೆ ಇನ್ನೂ ಹೋಗಿಲ್ಲ. ಪಾರ್ಟಿಲಿ, ಅಂದ್ರೆ ಆಟಗಾರರ ಪಾತ್ರಗಳ ಗುಂಪಲ್ಲಿ, ನಾಲ್ಕು ಜನ, ಎಲ್ರೂ ಲೆವೆಲ್ 7.

ಮೊದಲು ಮಾಡಿದ್ದು ಎಲ್ರೂ ಮಾಡೋದೇ. ಕಾಡು ಕಡಿದ್ರು, ಅಜ್ಜಿಗೆ ಸಿಟ್ಟು ಬಂತು, ಊರು ನಾಶ ಮಾಡ್ತಾಳೆ. ನಮ್ಮ ಪಲಾಡಿನ್ (ಪ್ರತಿಜ್ಞೆ ಮಾಡಿದ ಯೋಧ) ಆಡೋನಿಗೆ ಸುಮ್ನೆ ಹೇಳಿ ನೋಡ್ದೆ, "ಅವಳು ಹೇಳೋದು ಸರಿನೇ ಅಲ್ವಾ, ನಾವ್ಯಾಕೆ ಹೊಡೀಬೇಕು" ಅಂದ. ಸರಿ ಅಂತ ಅವಳನ್ನ ಇನ್ನೂ ಕೆಟ್ಟವಳಾಗಿ ಮಾಡೋಕೆ ಹೋದೆ, ಮಕ್ಕಳನ್ನ ಬೇರಿಗೆ ಗೊಬ್ಬರ ಮಾಡ್ತಾಳೆ ಅದೂ ಇದೂ, ಆಮೇಲೆ ಓದಿದ್ರೆ ಅವಳು ಡ್ರೂಯಿಡ್ ಆಗಿರೋ ಅವಶ್ಯಕತೆನೇ ಕಾಣ್ಲಿಲ್ಲ, ಆ ಜಾಗದಲ್ಲಿ ಯಾವ ರಾಕ್ಷಸನ್ನ ತಂದು ನಿಲ್ಲಿಸಿದ್ರೂ ಕಥೆ ನಡೀತಿತ್ತು.

ಆಮೇಲೆ ಹಳೇ ರೂಲ್ಸ್ ಕಡೆ ತಿರುಗಿದೆ. 1978ರ ಪ್ಲೇಯರ್ಸ್ ಪುಸ್ತಕದಲ್ಲಿ ಡ್ರೂಯಿಡ್‌ಗಳಿಗೆ ಒಂದು ವಿಚಿತ್ರ ಸಿಸ್ಟಮ್ ಇದೆ: 12ನೇ ಲೆವೆಲ್‌ನಲ್ಲಿ ಒಂಬತ್ತೇ ಜನ, ಅದರ ಮೇಲೆ ಆರ್ಚ್‌ಡ್ರೂಯಿಡ್ ಮೂರೇ ಜನ, ಎಲ್ಲಕ್ಕಿಂತ ಮೇಲೆ ಗ್ರೇಟ್ ಡ್ರೂಯಿಡ್ ಒಬ್ಬರೇ, ಮೇಲಕ್ಕೆ ಹೋಗ್ಬೇಕು ಅಂದ್ರೆ ಇದ್ದವರನ್ನ ಕಾದಾಡಿ ಇಳಿಸ್ಬೇಕು. ಇದು ಸಿಕ್ಕಿದ್ದೇ ತಡ, ಸೀಟಿಗೋಸ್ಕರ ಕಾದಾಡಿ ಸೋತು ಊರಂಚಿಗೆ ಬಂದು ಕೂತ ಮುದುಕಿ ಅಂತ ಎಂಟು ಪೇಜ್ ಬರೆದೆ. ಎಂಟು ಪೇಜ್! ಟೇಬಲ್‌ಗೆ ಅದ್ರಲ್ಲಿ ಒಂದು ಲೈನೂ ಬರಲ್ಲ ಅಂತ ಮಾರನೇ ದಿನ ಗೊತ್ತಾಯ್ತು. ಅದ್ರಲ್ಲಿ ಉಳಿದಿದ್ದು ಕುಂಟೋ ಎಡಗಾಲು ಅಷ್ಟೇ.

ತಿರುವು ಸಿಕ್ಕಿದ್ದು ಸ್ಪೆಲ್ (ಮಂತ್ರ) ಲಿಸ್ಟ್ ಓದ್ತಾ ಕೂತಾಗ. ಪ್ಲಾಂಟ್ ಗ್ರೋತ್ ಅಂತ ಮೂರನೇ ಲೆವೆಲ್ ಸ್ಪೆಲ್ ಇದೆಯಲ್ಲ, ಅದನ್ನ ಎಲ್ರೂ ಫೈಟಲ್ಲಿ ಶತ್ರುಗಳನ್ನ ನಿಧಾನ ಮಾಡೋಕೆ ಹಾಕ್ತಾರೆ, ಆದ್ರೆ ಅದಕ್ಕೆ ಇನ್ನೊಂದು ಉಪಯೋಗ ಇದೆ: ಎಂಟು ಗಂಟೆ ಕೂತು ಹಾಕಿದ್ರೆ ಸುತ್ತ ಅರ್ಧ ಮೈಲಿ ನೆಲಕ್ಕೆ ಒಂದು ವರ್ಷ ಕಸುವು ಬರುತ್ತೆ, ಬೆಳೆ ಎರಡರಷ್ಟು. ಒಂದು ವರ್ಷ ಮಾತ್ರ. ಅಂದ್ರೆ ಪ್ರತಿ ವರ್ಷ ಯಾರಾದ್ರೂ ಬಂದು ಕೂರ್ಬೇಕು.

ಅಲ್ಲಿಗೆ ವಿಲನ್ ಸಿಕ್ಕಿದ್ಲು. ಮೂವತ್ತು ವರ್ಷದಿಂದ ಬಿತ್ತನೆಗೆ ಮುಂಚೆ ಒಂದಿನ ಬೆಳಗಾದ್ರೆ ಕುಂಟ್ಕೊಂಡು ಬರ್ತಾಳೆ, ಹೊಲದ ನಡುವೆ ಕೂರ್ತಾಳೆ, ಸಂಜೆ ಎದ್ದು ಹೋಗ್ತಾಳೆ. ಬೆಳೆ ಎರಡರಷ್ಟು ಬಂದಿದ್ದಕ್ಕೆ ಊರೂ ಎರಡರಷ್ಟಾಗಿದೆ, ಮನೆ ಕಟ್ಟೋಕೆ ಮರ ಬೇಕಲ್ಲ, ಕಾಡು ಹಿಂದಕ್ಕೆ ಹೋಗಿದೆ. ಊರವರು ಪ್ರೀತಿಯಿಂದ ಇಟ್ಟ ಹೆಸರೇ ಬೇರಜ್ಜಿ. ಈ ವರ್ಷ ಅವಳು ಬರ್ಲಿಲ್ಲ. ಬೆಂಕಿ ಹಚ್ಲಿಲ್ಲ, ಶಾಪ ಹಾಕ್ಲಿಲ್ಲ, ಬರ್ಲಿಲ್ಲ ಅಷ್ಟೇ. ನೆಲ ತನ್ನ ಮಾಮೂಲಿ ಬೆಳೆ ಕೊಡ್ತು, ಅದು ಅರ್ಧ ಊರಿಗೆ ಸಾಲುತ್ತೆ. ಯಾವ ಅರ್ಧ ಇರ್ಬೇಕು ಅಂತ ನೀವೇ ತೀರ್ಮಾನ ಮಾಡ್ಕೊಂಡು ಬನ್ನಿ, ಆಮೇಲೆ ನಾನು ಬರ್ತೀನಿ ಅಂತ ಹೇಳಿ ಕಳಿಸಿದಾಳೆ. ಇದನ್ನ ಬರೆದಾಗ ನಂಗೇ ಸ್ವಲ್ಪ ಮೈ ಜುಮ್ ಅಂತು.

ಇನ್ನು ಫೈಟ್. ಪುಸ್ತಕದಲ್ಲಿರೋ ಮಾಮೂಲಿ ಡ್ರೂಯಿಡ್‌ಗೆ 27 ಹೆಚ್‌ಪಿ (ಎಷ್ಟು ಏಟು ತಡೀಬಹುದು ಅನ್ನೋ ಲೆಕ್ಕ), ಲೆವೆಲ್ 7 ಪಾರ್ಟಿ ಮುಂದೆ ಅದು ಏನೂ ಅಲ್ಲ. ನಾನು ಒಂಬತ್ತನೇ ಲೆವೆಲ್ ಡ್ರೂಯಿಡ್ ಅಂತ ಇಟ್ಕೊಂಡು 66 ಹೆಚ್‌ಪಿ ಕೊಟ್ಟೆ. ಮೊದಲ ಟೆಸ್ಟಲ್ಲಿ ಎಂಟ್ಯಾಂಗಲ್ ಹಾಕಿ ಶುರು ಮಾಡಿದ್ಲು, ಇಬ್ರು ಬಳ್ಳಿಲಿ ಸಿಕ್ಕಾಕೊಂಡ್ರು, ನಂಗೆ ಖುಷಿಯೋ ಖುಷಿ. ಪಲಾಡಿನ್ ತಪ್ಪಿಸ್ಕೊಂಡು ಬಂದು ಒಂದು ಏಟಿಗೆ 24 ಡ್ಯಾಮೇಜ್ ಕೊಟ್ಟ, ಏಟು ತಿಂದ್ರೂ ಸ್ಪೆಲ್ ಹಿಡಿದಿಟ್ಕೊಳೋಕೆ ಕಾನ್ಸಂಟ್ರೇಷನ್ ಸೇವ್ ಅಂತ ಡೈಸ್ ಹಾಕ್ಬೇಕು, 12 ಬೇಕು, ನಂಗೆ ಡೈಸಲ್ಲಿ ಬಿದ್ದಿದ್ದು 5. ಬಳ್ಳಿ ಎಲ್ಲ ಮಾಯ. ಮುಂದಿನ ರೌಂಡಲ್ಲಿ ಅಜ್ಜಿಯೂ ಮಾಯ.

ಡ್ರೂಯಿಡ್‌ನ ಒಳ್ಳೊಳ್ಳೆ ಸ್ಪೆಲ್‌ಗಳಲ್ಲಿ ಬಹಳಷ್ಟು ಕಾನ್ಸಂಟ್ರೇಷನ್ ಮೇಲೇ ನಿಂತಿರೋದು, ಒಂದು ಟೈಮಿಗೆ ಒಂದೇ. ಆದ್ರೆ ಪ್ಲಾಂಟ್ ಗ್ರೋತ್‌ಗೆ ಅದು ಬೇಡ. ಪಾರ್ಟಿ ಬರೋ ಮುಂಚೆನೇ ಹಾಕಿಟ್ಟಿರಬಹುದು, ಜೊತೆಗೆ ಅದ್ರೊಳಗೆ ತನಗೆ ಬೇಕಾದ ಜಾಗ ಬಿಟ್ಕೋಬಹುದು, ಅಂದ್ರೆ ಅವಳಿಗೆ ಮಾತ್ರ ಗೊತ್ತಿರೋ ಕಾಲುದಾರಿ. ಆ ಪೊದೆಯೊಳಗೆ ಒಂದಡಿ ಹೋಗೋಕೆ ನಾಲ್ಕಡಿ ಖರ್ಚು, 30 ಅಡಿ ಓಡೋ ಫೈಟರ್ ಗ್ರಿಡ್ ಮೇಲೆ ಒಂದೇ ಚೌಕ (ಐದಡಿ) ಸರೀತಾನೆ. ಅದ್ರ ಮೇಲೆ ಸ್ಪೈಕ್ ಗ್ರೋತ್ ಅನ್ನೋ ಮುಳ್ಳಿನ ಸ್ಪೆಲ್ ಹಾಕಿದ್ರೆ ಪ್ರತಿ ಐದಡಿಗೆ 2ಡಿ4 (ನಾಲ್ಕು ಮುಖದ ಎರಡು ಡೈಸ್) ಡ್ಯಾಮೇಜ್, ಮೊದಲೇ ಹುಷಾರಾಗಿ ನೋಡದೇ ಇದ್ರೆ ಮುಳ್ಳಿರೋದೂ ಗೊತ್ತಾಗಲ್ಲ. ಮತ್ತೆ ಅವಳನ್ನ ಸರ್ಕಲ್ ಆಫ್ ದ ಮೂನ್ ಅನ್ನೋ ಡ್ರೂಯಿಡ್ ಪಂಗಡಕ್ಕೆ ಸೇರಿಸ್ದೆ, ಒಂದೇ ಸರದಿಲಿ ಮಾಮೂಲಿ ಕೆಲಸದ ಜೊತೆಗೇ, ಬೋನಸ್ ಆ್ಯಕ್ಷನ್‌ನಲ್ಲಿ ವೈಲ್ಡ್ ಶೇಪ್ (ಪ್ರಾಣಿ ರೂಪ ತಾಳೋದು) ಸಿಗುತ್ತೆ. ಎಲ್ರೂ ಕರಡಿ ಆಗ್ತಾರೆ, ನಮ್ಮಜ್ಜಿ ಜೇಡ ಆಗ್ತಾಳೆ. ರೂಪ ಬದಲಾದ್ರೂ ಕಾನ್ಸಂಟ್ರೇಷನ್ ಹೋಗಲ್ಲ, ಸೋ ಮುಳ್ಳು ಹಾಗೇ ಇರುತ್ತೆ, ಹೊಡೆಯೋಕೆ ಮಾತ್ರ ಯಾರೂ ಸಿಗಲ್ಲ.

ಎರಡನೇ ಟೆಸ್ಟ್ ಸಖತ್ತಾಗಿ ಹೋಯ್ತು. ಫೈಟರ್ ಆಡೋಳು ಮಿನಿ (ಪಾತ್ರದ ಪುಟ್ಟ ಗೊಂಬೆ) ಎತ್ಕೊಂಡು "ಒಂದೇ ಚೌಕನಾ? ನಿಜವಾಗ್ಲೂ?" ಅಂತ ಎರಡು ಸಲ ಕೇಳಿ ಸಿಟ್ಟಲ್ಲಿ ಡ್ಯಾಶ್ ಮಾಡಿ (ಎರಡರಷ್ಟು ದೂರ ಓಡಿ) ಮೂರು ಚೌಕ ಹೋಗಿ 6ಡಿ4 ತಿಂದ್ಲು. ನಾನು ಆ ಜೋಶಲ್ಲಿ ಬೇರಜ್ಜಿ ಧ್ವನಿಲಿ ದೊಡ್ಡ ಡೈಲಾಗ್ ಶುರು ಮಾಡ್ದೆ, ನಿಮ್ಮ ತಾತಂದಿರ ಹೊಟ್ಟೆ ತುಂಬಿಸಿದ್ದು ಯಾರು ಅಂತ. ರೋಗ್ (ಕಳ್ಳನ ಥರದ ಪಾತ್ರ) ಆಡೋನು ತಣ್ಣಗೆ ಕೇಳ್ದ, "ಜೇಡ ಮಾತಾಡುತ್ತಾ?"

ಇಲ್ಲ, ಪ್ರಾಣಿ ರೂಪದಲ್ಲಿ ಮಾತು ಬರಲ್ಲ. ಎಲ್ರೂ ನಕ್ಕು ನಕ್ಕು ಸುಸ್ತು, ನನ್ನ ಡೈಲಾಗ್ ಅಲ್ಲೇ ಸತ್ತೋಯ್ತು.

ಆದ್ರೆ ಆ ಪ್ರಶ್ನೆಯಿಂದ್ಲೇ ಒಂದು ಒಳ್ಳೆ ಐಡಿಯಾ ಬಂತು. ಅವೇಕನ್ ಸ್ಪೆಲ್ ಇದೆ, ಐದನೇ ಲೆವೆಲ್, ಅದೂ ಎಂಟು ಗಂಟೆಯದ್ದೇ, 1000 ಚಿನ್ನದ ನಾಣ್ಯ ಬೆಲೆಯ ಅಗೇಟ್ ಕಲ್ಲು ಬೇಕು, ಹಾಕಿದ್ರೆ ಮರಕ್ಕೆ ಬುದ್ಧಿ ಬರುತ್ತೆ, ಮಾತೂ ಬರುತ್ತೆ. ಸೋ ಈಗ ಊರ ನಡುವೆ ಒಂದು ಹಳೇ ಮರ ಇದೆ, ಬೇರಜ್ಜಿ ಹೇಳಿ ಕಳಿಸಿದ್ದನ್ನ ಹೇಳೋದು ಅದೇ. ಇಲ್ಲಿ ಮಜಾ ಏನಂದ್ರೆ ಮರ ಅವಳ ಮೋಡಿಯಲ್ಲಿರೋದು 30 ದಿನ ಮಾತ್ರ, ಆಮೇಲೆ ಅವಳ ಜೊತೆ ಇರ್ಬೇಕಾ ಬೇಡ್ವಾ ಅಂತ ಅದೇ ನಿರ್ಧಾರ ಮಾಡುತ್ತೆ, ಅವಳು ಹೆಂಗೆ ನಡೆಸ್ಕೊಂಡ್ಲು ಅನ್ನೋದರ ಮೇಲೆ. ಕ್ಯಾಂಪೇನ್‌ನಲ್ಲಿ, ಅಂದ್ರೆ ನಿಜವಾದ ಆಟದ ಕಥೆಲಿ, ಪಾರ್ಟಿ ಊರಿಗೆ ಬರೋದು ಮರಕ್ಕೆ ಮಾತು ಬಂದ 27ನೇ ದಿನ. ಇದನ್ನ ಯಾರಿಗೂ ಹೇಳಿಲ್ಲ. ಮರಕ್ಕೆ ಬೆಂಕಿ ಅಂದ್ರೆ ಆಗಲ್ಲ, ನಮ್ಮ ಪಾರ್ಟಿಯ ಮಾಂತ್ರಿಕ ಸೋರ್ಸರರ್‌ಗೆ ಫೈರ್‌ಬಾಲ್ ಬಿಟ್ರೆ ಬೇರೆ ಭಾಷೆ ಗೊತ್ತಿಲ್ಲ, ಅದೊಂದು ಭಯ ಇದ್ದೇ ಇದೆ.

ಹೋದ ವಾರ ಬರೀ ಮಾತಿನ ಸೀನ್ ಟ್ರೈ ಮಾಡಿದ್ವಿ, ಫೈಟ್ ಇಲ್ಲ. ಊರವರ ಜಗಳ ಎಲ್ಲ ಆದ್ಮೇಲೆ ರೋಗ್ ಹೋಗಿ ಮರದ ಬುಡದಲ್ಲಿ ಕೂತ್ಕೊಂಡು, ಅಜ್ಜಿ ಏನಂದ್ಲು ಅದು ಬಿಡು, ನಿಂಗೇನು ಬೇಕು ಅಂತ ಕೇಳ್ದ. ನಾನು ಪೇಪರ್ ತಿರುಗಿಸ್ದೆ, ಅಲ್ಲಿ ಏನೂ ಬರೆದಿರ್ಲಿಲ್ಲ. "ಇಲ್ಲಿಂದ ಹೊಲ ಕಾಣಲ್ಲ, ಮನೆಗಳು ಅಡ್ಡ ಇವೆ" ಅಂತ ಏನೋ ಬಾಯಿಗೆ ಬಂದಿದ್ದು ಹೇಳ್ದೆ. ಅವನು ಅದನ್ನ ನೋಟ್ ಮಾಡ್ಕೊಂಡ. ಈಗ ಆ ಊರಿನ ಮ್ಯಾಪ್ ಪೂರ್ತಿ ಹೊಸದಾಗಿ ಬರೀತಾ ಇದೀನಿ, ಯಾವ್ಯಾವ ಮನೆ ಅಡ್ಡ ಇದೆ ಅಂತ ಗುರ್ತು ಹಾಕ್ಕೊಂಡು.