‘ಬೇಸ್ ಇದೆಯಾ ಸರ್?’ ಎಂದು ಕೇಳುವವರಿಗೆ

ಶಿಡ್ಲಘಟ್ಟದ ಬಸ್ ನಿಲ್ದಾಣದಲ್ಲಿ, ಶಾಲೆಯ ಸ್ಟಾಫ್ ರೂಮಿನಲ್ಲಿ, ನೆಂಟರ ಮನೆಯ ಊಟದ ಪಂಕ್ತಿಯಲ್ಲಿ, ಒಮ್ಮೆ ಹಲ್ಲಿನ ಡಾಕ್ಟರ ಕುರ್ಚಿಯಲ್ಲಿ ಬಾಯಿ ತೆರೆದುಕೊಂಡು ಒರಗಿದ್ದಾಗಲೂ ನನಗೆ ಎದುರಾದ ಪ್ರಶ್ನೆ ಒಂದೇ: ‘ಸರ್, ಎರಡು ಸಾವಿರದ ಆಸುಪಾಸಿನಲ್ಲಿ ಯಾವ ಇಯರ್‌ಫೋನ್ ಬೆಸ್ಟು? ಬೇಸ್ ಇದೆಯಾ?’ ಬೇಸ್ ಎಂದರೆ ಹಾಡಿನಲ್ಲಿನ ತಗ್ಗಿನ ಸ್ವರಗಳು. ನಾನು ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುವವನು. ಚಿಕ್ಕಬಳ್ಳಾಪುರದಿಂದ ದಿನವೂ ಬಸ್ಸಿನಲ್ಲಿ ಹೋಗಿ ಬರುವವನಾದ್ದರಿಂದ, ಕಿವಿಯ ನಾಳದೊಳಗೆ ಕೂರುವ ಇಯರ್‌ಫೋನುಗಳು ನನಗೆ ಮೊದಲು ಅಗತ್ಯವಾಗಿದ್ದವು, ಆಮೇಲೆ ಆಸಕ್ತಿಯಾದವು. ಎಂಟು ವರ್ಷಗಳಲ್ಲಿ ಇಪ್ಪತ್ತಮೂರು ಜೊತೆ ಕೊಂಡಿದ್ದೇನೆ, ಒಂದೂ ಮೂರು ಸಾವಿರ ದಾಟಿಲ್ಲ. ಬಾಯಲ್ಲಿ ಉತ್ತರ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಈ ಬರಹವನ್ನೇ ಕಳಿಸುತ್ತೇನೆ.

ಹೆಸರಷ್ಟೇ ಬೇಕಾದವರಿಗೆ ಎರಡು ಹೆಸರು: ಮೂನ್‌ಡ್ರಾಪ್ ಚು 2, ಸೆವೆನ್ ಹರ್ಟ್ಜ್ ಸಾಲ್ನೋಟ್ಸ್ ಝೀರೋ. ಬರೆದುಕೊಂಡು ಹೊರಡಬಹುದು. ಆದರೆ ಹಾಗೆ ಹೊರಟವರು ಒಂದು ತಿಂಗಳ ನಂತರ ಬಂದು ‘ನೀವು ಹೇಳಿದ್ದು ಚೆನ್ನಾಗಿಲ್ಲ’ ಎಂದರೆ ನಾನು ಕೇಳಿಸಿಕೊಳ್ಳುವುದಿಲ್ಲ, ಏಕೆಂದರೆ ಮುಂದಿನದನ್ನು ಓದದೆ ಹೋಗಿದ್ದು ಅವರ ಆಯ್ಕೆ.

ನನಗೆ ಸಿಟ್ಟು ಬರುವುದು ಆ ಪ್ರಶ್ನೆಯ ಎರಡನೆಯ ಭಾಗಕ್ಕೆ. ನಮ್ಮ ಜಿಲ್ಲೆಯಲ್ಲಿ ಯಾರ ಹೊಲದಲ್ಲಿ ಬೋರ್‌ವೆಲ್ ಕೊರೆಸಿದರೂ ಊರಿನವರು ಮೊದಲು ಕೇಳುವುದು ‘ಎಷ್ಟು ಇಂಚು ಬಿತ್ತು?’ ಎಂದು. ಸಾವಿರ ಅಡಿ ಇಳಿದರೂ ಬರೀ ಪುಡಿ ಹಾರುವ ನೆಲದಲ್ಲಿ ಆ ಪ್ರಶ್ನೆ ಸಹಜವೇ. ಆದರೆ ಬಿದ್ದ ನೀರಿನಲ್ಲಿ ಫ್ಲೋರೈಡ್ ಎಷ್ಟಿದೆ ಎಂದು ಕೇಳುವವರು ವಿರಳ. ಬಾಗೇಪಲ್ಲಿ ಕಡೆಯ ಮಕ್ಕಳ ಹಲ್ಲಿನ ಮೇಲಿನ ಕಂದು ಗೆರೆಗಳನ್ನು ಕಂಡವರಿಗೆ ಆ ಕೇಳದೆ ಉಳಿದ ಪ್ರಶ್ನೆಯ ಬೆಲೆ ಗೊತ್ತು. ‘ಬೇಸ್ ಇದೆಯಾ?’ ಎಂಬುದೂ ಇಂಚಿನ ಲೆಕ್ಕದ ಪ್ರಶ್ನೆ. ಎಷ್ಟಿದೆ ಎಂದು ಕೇಳುತ್ತಾರೆ, ಎಂಥದ್ದಿದೆ ಎಂದು ಯಾರೂ ಕೇಳುವುದಿಲ್ಲ. ಆ ಬೇಸ್ ತನ್ನ ಜಾಗದಲ್ಲಿ ನಿಲ್ಲುತ್ತದೆಯೋ, ಹಾಡುವವರ ದನಿಯ ಮೇಲೂ ಹರಡಿಕೊಳ್ಳುತ್ತದೆಯೋ ಎಂಬ ಮಾತೇ ಬರುವುದಿಲ್ಲ.

ಅದಕ್ಕಿಂತ ಮುಖ್ಯವಾದ ಸಂಗತಿಯೆಂದರೆ, ಬೇಸ್ ಅರ್ಧ ಇರುವುದು ಇಯರ್‌ಫೋನಿನಲ್ಲಿ, ಇನ್ನರ್ಧ ನಿಮ್ಮ ಕಿವಿಯಲ್ಲಿ. ಇವುಗಳ ಒಳಗೆ ಸಾಮಾನ್ಯವಾಗಿ ಸುಮಾರು 10 ಮಿಲಿಮೀಟರ್ ಅಗಲದ ಒಂದು ತೆಳುವಾದ ಪೊರೆ ಇರುತ್ತದೆ; ಅದಕ್ಕೆ ಅಂಟಿಸಿದ ತಂತಿಸುರುಳಿ ಅಯಸ್ಕಾಂತದ ನಡುವೆ ಅಲುಗಾಡಿ ಗಾಳಿಯನ್ನು ಒತ್ತುತ್ತದೆ. ಅಷ್ಟು ಚಿಕ್ಕ ಪೊರೆ ತಗ್ಗಿನ ಸ್ವರವನ್ನು ಗಟ್ಟಿಯಾಗಿ ಕೇಳಿಸಬಲ್ಲದ್ದು ಕಿವಿಯ ನಾಳ ಪೂರ್ತಿ ಮುಚ್ಚಿಕೊಂಡಿದ್ದಾಗ ಮಾತ್ರ. ಎಲ್ಲಾದರೂ ಸಂದು ಉಳಿಯಿತೆಂದರೆ ಮೊದಲು ಸೋರಿಹೋಗುವುದು ತಗ್ಗಿನ ಸ್ವರವೇ; ವಾಷರ್ ಸವೆದ ಸೈಕಲ್ ಪಂಪನ್ನು ಎಷ್ಟು ಒತ್ತಿದರೂ ಟ್ಯೂಬಿಗೆ ಗಾಳಿ ಹೋಗದಿರುವಂತೆ. ನನ್ನ ಸಹೋದ್ಯೋಗಿಯೊಬ್ಬರ ಮಗ ‘ಅಂಕಲ್, ಇದರಲ್ಲಿ ಬೇಸೇ ಇಲ್ಲ’ ಎಂದು ಮುಖ ಊದಿಸಿಕೊಂಡು ಬಂದಿದ್ದ. ಪೆಟ್ಟಿಗೆಯಲ್ಲಿ ಬಂದಿದ್ದ ಮೂರು ಅಳತೆಯ ರಬ್ಬರ್ ಟಿಪ್ಪುಗಳಲ್ಲಿ ಎರಡು ಜೊತೆಯ ಪೊಟ್ಟಣವನ್ನು ಅವನು ಒಡೆದೇ ಇರಲಿಲ್ಲ. ಬಲಗಿವಿಗೆ ದೊಡ್ಡದು, ಎಡಗಿವಿಗೆ ಮಧ್ಯಮದ್ದು ಹಾಕಿಸಿದೆ. ಒಬ್ಬರದೇ ಎರಡು ಕಿವಿಗಳು ಒಂದೇ ಅಳತೆಯವಾಗಿರಬೇಕೆಂದೇನಿಲ್ಲ. ಹುಡುಗನ ಮುಖ ಸರಿಹೋಯಿತು. ದುಡ್ಡು ಕೊಟ್ಟು ಹೊಸದನ್ನು ತರುವ ಮೊದಲು ಈ ಐದು ನಿಮಿಷದ ಕೆಲಸವನ್ನು ಮಾಡಿ ನೋಡಿ ಎಂದು ನಾನು ಕೈಮುಗಿದು ಕೇಳುತ್ತೇನೆ.

ಇನ್ನು ಎತ್ತರದ ಸ್ವರಗಳ ವಿಷಯ. ನಮ್ಮ ಕಿವಿಯ ನಾಳ ಸುಮಾರು 25 ಮಿಲಿಮೀಟರ್ ಉದ್ದದ, ಒಂದು ತುದಿ ಮುಚ್ಚಿದ ಕೊಳವೆ. ಇಂಥ ಕೊಳವೆ ತನ್ನ ಉದ್ದಕ್ಕೆ ತಕ್ಕ ಒಂದು ಸ್ವರವನ್ನು ತಾನಾಗಿಯೇ ಎತ್ತಿ ಕೊಡುತ್ತದೆ, ಖಾಲಿ ಸೀಸೆಯ ಬಾಯಿಗೆ ಊದಿದಾಗ ಆಗುವ ಹಾಗೆ. ಕಿವಿಯಲ್ಲಿ ಅದು 3,000 ಹರ್ಟ್ಜ್ ಆಸುಪಾಸು ಬರುತ್ತದೆ; ಹುಟ್ಟಿದಾಗಿನಿಂದ ನಾವು ಲೋಕವನ್ನು ಕೇಳಿರುವುದು ಈ ಎತ್ತುವಿಕೆಯ ಮೂಲಕವೇ. ನಾಳದ ಬಾಯಿಗೆ ಇಯರ್‌ಫೋನ್ ತುರುಕಿದ ಕೂಡಲೇ ಆ ಸಹಜ ಏರ್ಪಾಡು ಕೆಡುತ್ತದೆ, ಆದ್ದರಿಂದ ತಯಾರಿಸುವವರು ಅದನ್ನು ಒಳಗೇ ಸೇರಿಸಿ ಕೊಡಬೇಕು. ಕಡಿಮೆ ಸೇರಿಸಿದರೆ ದನಿ ಕಂಬಳಿ ಹೊದ್ದಂತೆ ಮಂಕಾಗುತ್ತದೆ, ಹೆಚ್ಚಾದರೆ ಕಿರುಚುತ್ತದೆ. ಎಷ್ಟು ಸೇರಿಸಿದರೆ ಹೆಚ್ಚು ಜನಕ್ಕೆ ಹಿತವೆನಿಸುತ್ತದೆ ಎಂಬುದನ್ನು ಆಡಿಯೊ ಉಪಕರಣಗಳನ್ನು ತಯಾರಿಸುವ ಹರ್ಮನ್ ಕಂಪನಿಯಲ್ಲಿ ಶಾನ್ ಆಲಿವ್ ಅವರ ತಂಡ ಬಹಳಷ್ಟು ಕೇಳುಗರ ಮೇಲೆ ಪರೀಕ್ಷಿಸಿ ಒಂದು ಗೆರೆಯಾಗಿ ಬರೆದಿಟ್ಟಿತು. ಹಿಂದೆ ಅಗ್ಗದ ಮಾಲಿನಲ್ಲಿ ಬಹುಪಾಲು ತಗ್ಗನ್ನೂ ಎತ್ತರವನ್ನೂ ಉಬ್ಬಿಸಿ ನಡುವಿನ ದನಿಯನ್ನು ಹಳ್ಳಕ್ಕೆ ತಳ್ಳುತ್ತಿದ್ದವು. ಅಂಗಡಿಯಲ್ಲಿ ಎರಡು ನಿಮಿಷ ಕೇಳಿದರೆ ಅದು ಬೆರಗಾಗಿಸುತ್ತದೆ, ಮನೆಯಲ್ಲಿ ಎರಡು ಗಂಟೆ ಕೇಳಿದರೆ ತಲೆ ನೋಯುತ್ತದೆ. 2022ರಲ್ಲಿ ಮೊದಲ ಚು ಮತ್ತು ಝೀರೋ ಬಂದ ಮೇಲೆ, ನಡುವಿನ ದನಿಯನ್ನು ಬಿಟ್ಟುಕೊಡದ ಇಯರ್‌ಫೋನ್ ನನ್ನಂಥ ಸಂಬಳದವನಿಗೂ ಸಿಗುವಂತಾಯಿತು. ‘ಚೈನಾ ಮಾಲು’ ಎಂದು ಮೂಗು ಮುರಿಯುವವರಿಗೆ ನಾನು ಹೇಳುವುದು ಇಷ್ಟೇ: ಮೊದಲು ಕೇಳಿ.

ಈ ಎಲ್ಲವನ್ನೂ ನನಗೆ ಪುಸ್ತಕಕ್ಕಿಂತ ಚೆನ್ನಾಗಿ ತಿಳಿಸಿಕೊಟ್ಟವರು ಒಬ್ಬ ತಮಟೆ ಕಲಾವಿದರು. ತಮಟೆ ನಮ್ಮ ಜಿಲ್ಲೆಯ ಹೆಮ್ಮೆ. 2023ರಲ್ಲಿ ಪದ್ಮಶ್ರೀ ಪಡೆದ ಪಿಂಡಿಪಾಪನಹಳ್ಳಿಯ ಮುನಿವೆಂಕಟಪ್ಪನವರು ಇಲ್ಲಿಯವರೇ. ನಾನು ಹೇಳುತ್ತಿರುವವರು ಬೇರೆ, ಹೆಸರು ಬೇಡ. ಚಿಂತಾಮಣಿಯ ಕಲ್ಯಾಣ ಮಂಟಪವೊಂದರಲ್ಲಿ ನನ್ನ ಅಕ್ಕನ ಮೈದುನನ ಮದುವೆ. ಬೆಳಿಗ್ಗೆ ಆರು ಜನರ ತಂಡ ಬಾರಿಸಿದ್ದನ್ನು ನಾನು ಚಿಕ್ಕ ರೆಕಾರ್ಡರಿನಲ್ಲಿ ಹಿಡಿದಿಟ್ಟಿದ್ದೆ. ಊಟಕ್ಕೆ ಮೊದಲು ಹುಡುಗರು ನನ್ನನ್ನು ಸುತ್ತಿಕೊಂಡು ಅದೇ ಪ್ರಶ್ನೆ ತೆಗೆದರು. ಒಬ್ಬನಂತೂ ‘ಮಾವ, ನಂದ್ರಲ್ಲಿ ಬೇಸ್ ಹೆಂಗೈತೆ ನೋಡು’ ಎಂದು ತನ್ನ ಇಯರ್‌ಫೋನನ್ನು ನನ್ನ ಕೈಗೆ ತುರುಕಿದ. ಪಕ್ಕದಲ್ಲಿ ಒಣ ಹುಲ್ಲಿಗೆ ಬೆಂಕಿ ಹಾಕಿ ತಮಟೆಯ ಚರ್ಮ ಕಾಯಿಸುತ್ತಿದ್ದ ತಂಡದ ಹಿರಿಯರು ನಮ್ಮನ್ನೇ ನೋಡುತ್ತಿದ್ದರು. ‘ತಾತ, ನೀವೇ ಕೇಳಿ ಹೇಳಿ’ ಎಂದು ನಾನು ಮೊದಲು ಹುಡುಗನದ್ದನ್ನು, ಆಮೇಲೆ ನನ್ನದನ್ನು, ಟಿಪ್ಪು ಒರೆಸಿ ಅವರ ಕಿವಿಗಿಟ್ಟೆ. ಎರಡರಲ್ಲೂ ಬೆಳಗಿನ ಅವರದೇ ವಾದ್ಯ, ದನಿಯ ಮಟ್ಟವೂ ಕಿವಿಗೆ ಸಮನಾಗುವಂತೆ ಇಟ್ಟಿದ್ದೆ.

ಮೊದಲನೆಯದನ್ನು ಕೇಳುತ್ತ ಅವರು ಹುಬ್ಬು ಗಂಟಿಕ್ಕಿದರು. ‘ಮೇಷ್ಟ್ರೇ, ನಾವು ಆರು ಜನ ಇದ್ವಲ್ಲ, ಇದ್ರಲ್ಲಿ ಇಬ್ರೇ ಬಾರಿಸ್ತಾವ್ರೆ. ಮಿಕ್ಕವ್ರು ಊಟಕ್ಕೆ ಹೋದ್ರಾ?’ ಎಂದರು. ಸುತ್ತ ಇದ್ದವರೆಲ್ಲ ನಕ್ಕರು, ಅವರು ನಗಲಿಲ್ಲ. ತಮಟೆಗೆ ಎರಡು ಕಡ್ಡಿಗಳು, ಒಂದು ದಪ್ಪ, ಇನ್ನೊಂದು ತೆಳ್ಳಗೆ ಉದ್ದ. ದಪ್ಪ ಕಡ್ಡಿ ಚರ್ಮದ ಗುಮ್ಮೆನ್ನುವ ಸದ್ದನ್ನು ಎಬ್ಬಿಸುತ್ತದೆ, ತೆಳು ಕಡ್ಡಿ ಅದರ ನಡುನಡುವೆ ಚಟಚಟನೆ ಬಿದ್ದು ಗತಿಯನ್ನು ಹೊಲಿಯುತ್ತದೆ. ಹುಡುಗನ ಇಯರ್‌ಫೋನಿನಲ್ಲಿ ಗುಮ್ಮೆನ್ನುವ ಒಂದು ಸದ್ದು ಇನ್ನೊಂದರ ಮೇಲೆ ಉರುಳಿ ಬಿದ್ದು, ತೆಳು ಕಡ್ಡಿಯ ಏಟುಗಳು ಅದರಡಿ ಹೂತುಹೋಗಿದ್ದವು. ನನ್ನದನ್ನು ಇಟ್ಟಾಗ ಅವರ ಬೆರಳುಗಳು ತೊಡೆಯ ಮೇಲೆ ತಾವಾಗಿಯೇ ಆಡತೊಡಗಿದವು. ಸ್ವಲ್ಪ ಹೊತ್ತಿನ ಮೇಲೆ ತಂಡದ ಒಬ್ಬ ಯುವಕನ ಕಡೆ ತಿರುಗಿ, ‘ಲೋ, ಮೂರನೇ ಸುತ್ತಲ್ಲಿ ನಿನ್ ಸಣ್ ಕಡ್ಡಿ ಹಿಂದೆ ಬಿದ್ದೈತೆ’ ಎಂದು ಗದರಿದರು. ಆ ಯುವಕ ತಲೆ ತಗ್ಗಿಸಿದ; ಅದು ನಿಜವಾಗಿತ್ತು. ವೇದಿಕೆಯ ಮೇಲಿನ ಸಂಗೀತಗಾರರು ತಮ್ಮನ್ನು ತಾವೇ ಸ್ಪಷ್ಟವಾಗಿ ಕೇಳಿಸಿಕೊಳ್ಳಲೆಂದು ಹುಟ್ಟಿದ ಈ ಬಗೆಯ ಇಯರ್‌ಫೋನಿಗೆ ‘ಇನ್-ಇಯರ್ ಮಾನಿಟರ್’ ಎಂಬ ಹೆಸರು ಏಕೆ ಬಂತೆಂದು ನನಗೆ ಅಂದು ಅರ್ಥವಾಯಿತು. ಆ ಹಿರಿಯರು ಬೇಸಿನ ಮಾತನ್ನೇ ಎತ್ತಲಿಲ್ಲ. ಎಷ್ಟು ಜನ ಇದ್ದಾರೆ ಎಂದು ಎಣಿಸಿದರು.

ಆದ್ದರಿಂದ ‘ಯಾವುದು ಬೆಸ್ಟು?’ ಎಂದು ಕೇಳುವ ಬದಲು, ‘ಕೊಂಡದ್ದನ್ನು ಹೇಗೆ ಕೇಳಿ ನೋಡಬೇಕು?’ ಎಂದು ಯಾರಾದರೂ ಒಮ್ಮೆ ಕೇಳಲಿ ಎಂಬುದು ನನ್ನ ಆಸೆ. ನೀವು ಕಣ್ಣೆದುರು ಕೇಳಿರುವ ಸದ್ದನ್ನು ಹಾಕಿ: ಮನೆಯವರ ಮಾತು, ದೇವಸ್ಥಾನದ ನಾಗಸ್ವರ, ಕೈವಾರದಲ್ಲಿ ಗುರುಪೂರ್ಣಿಮೆಗೆ ಹೋದವರಾದರೆ ಅಲ್ಲಿ ಕೇಳಿದಂಥ ತತ್ವಪದ. ಯಂತ್ರದಲ್ಲೇ ಹುಟ್ಟಿದ ಬೀಟಿಗೆ ಅಸಲು ಹೇಗಿತ್ತೆಂದು ಹೋಲಿಸಿ ನೋಡಲು ಆಗುವುದಿಲ್ಲ. ನನ್ನ ಮೆಚ್ಚಿನ ಪರೀಕ್ಷೆ ತಂಬೂರಿ. ತಂತಿಯ ಕೆಳಗೆ, ತಂತಿಗಳನ್ನು ಹೊತ್ತುಕೊಂಡಿರುವ ‘ಕುದುರೆ’ಯ ಮೇಲೆ ಸಿಕ್ಕಿಸಿದ ನೂಲಿನ ಎಳೆಯಿಂದ ಅದರ ನಾದ ಬಿಡಿಸಿಕೊಂಡು ಜೇಂಕರಿಸುತ್ತದೆ. ಇಯರ್‌ಫೋನಿನಲ್ಲಿ ಯಾವುದೋ ಒಂದು ಎತ್ತರದ ಸ್ವರ ಅಗತ್ಯಕ್ಕಿಂತ ಉಬ್ಬಿದ್ದರೆ ಆ ಜೇಂಕಾರದಲ್ಲಿ ಒಂದು ಮುಳ್ಳು ಎದ್ದು ನಿಂತಂತೆ ಕೇಳಿಸುತ್ತದೆ. ಎರಡನ್ನು ಹೋಲಿಸುವಾಗ ದನಿಯ ಮಟ್ಟ ಸಮ ಇರಲೇಬೇಕು, ಇಲ್ಲದಿದ್ದರೆ ಜೋರಾಗಿರುವುದೇ ಒಳ್ಳೆಯದೆಂದು ಮನಸ್ಸು ತೀರ್ಪು ಕೊಟ್ಟುಬಿಡುತ್ತದೆ. ಆಕಾಶವಾಣಿಯ ವಾರ್ತೆ ಹಾಕಿ, ಓದುವವರ ದನಿ ತಲೆಯ ನಟ್ಟನಡುವೆ ನಿಲ್ಲುತ್ತದೆಯೇ ನೋಡಿ. ಒಂದು ಪಕ್ಕಕ್ಕೆ ಸರಿದಿದ್ದರೆ ಎರಡು ಕಡೆಯ ಮಟ್ಟದಲ್ಲಿ ವ್ಯತ್ಯಾಸವಿದೆ. ಎಲ್ಲಿಯೂ ನಿಲ್ಲದೆ ಚೆದುರಿದ್ದರೆ, ಕೇಬಲ್ಲಿನ ಎರಡು ಪಿನ್ನಿನ ಪ್ಲಗ್ಗನ್ನು ಒಂದು ಬದಿಯಲ್ಲಿ ತಿರುಗಿಸಿ ಚುಚ್ಚಿದ್ದೀರಿ.

ಕಟ್ಟುವಿಕೆಯ ವಿಷಯಕ್ಕೆ ಬಂದರೆ, ನನ್ನ ಇಪ್ಪತ್ತಮೂರರಲ್ಲಿ ಒಂಬತ್ತು ಸತ್ತಿವೆ. ಒಂದರಲ್ಲೂ ಪೊರೆ ಹರಿದಿಲ್ಲ. ಆರರಲ್ಲಿ ತಂತಿ ತುಂಡಾಯಿತು, ಅದೂ ಜಾಕಿನ ಬುಡದಲ್ಲಿ. ಮೂರರಲ್ಲಿ ಮೂತಿಯ ಜಾಲರಿ ಬೆವರು, ಗುಗ್ಗೆಗಳಿಂದ ಕಟ್ಟಿಕೊಂಡು ಒಂದು ಕಡೆಯ ದನಿ ಇಂಗಿಹೋಯಿತು. ಹೀಗಾಗಿ ಹೊಳೆಯುವ ಲೋಹದ ಹೊದಿಕೆಗಿಂತ ಮೊದಲು ನಾನು ನೋಡುವುದು ಕೇಬಲ್ ಬಿಚ್ಚಿ ಬದಲಿಸಲು ಬರುತ್ತದೆಯೇ ಎಂದು. ಮೊದಲ ಚುವಿನಲ್ಲಿ ಬರುತ್ತಿರಲಿಲ್ಲ, ಚು 2ರಲ್ಲಿ ಬರುತ್ತದೆ. ನಾನು ಎರಡನೆಯದರ ಹೆಸರು ಹೇಳಲು ಇದೂ ಒಂದು ಕಾರಣ. 0.78 ಮಿಲಿಮೀಟರಿನ ಎರಡು ಪಿನ್ನಿನ ಕೇಬಲ್ ಬೇರೆ ಕಂಪನಿಯದಾದರೂ ಸಾಮಾನ್ಯವಾಗಿ ಕೂರುತ್ತದೆ. ಬಿಚ್ಚಲು ಬಾರದ ಒಂದು ಜೊತೆಯನ್ನು ಕೊಂಡ ಮೂರೇ ತಿಂಗಳಲ್ಲಿ ತಂತಿ ಹೋಗಿ ಅಂಗಡಿಗೆ ಒಯ್ದಾಗ, ‘ವೈರಿಗೆ ವಾರಂಟಿ ಇಲ್ಲ, ಪೀಸಿಗೆ ಮಾತ್ರ’ ಎಂದರು. ವೈರಿಲ್ಲದ ಆ ಪೀಸನ್ನು ನಾನು ಏನು ಮಾಡಬೇಕಿತ್ತೆಂದು ಅವರು ಹೇಳಲಿಲ್ಲ. ಅಂದಿನಿಂದ ನಾನೇ ಬೆಸುಗೆ ಹಾಕುವುದನ್ನು ಕಲಿತೆ.

ದನಿಯ ಮಟ್ಟದ ಬಗ್ಗೆ ಒಂದು ಮಾತು ಹೇಳದೆ ಮುಗಿಸಲಾರೆ, ಏಕೆಂದರೆ ನನ್ನ ತರಗತಿಯ ಮಕ್ಕಳೂ ಇದನ್ನು ಓದುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ ದೊಡ್ಡವರಿಗೆ ಹೇಳುವ ಮಿತಿ ವಾರಕ್ಕೆ 40 ಗಂಟೆ, 80 ಡೆಸಿಬೆಲ್. ಮಟ್ಟ 3 ಡೆಸಿಬೆಲ್ ಏರಿದರೆ ಆ ಹೊತ್ತು ಅರ್ಧಕ್ಕೆ ಇಳಿಯುತ್ತದೆ. ಬಸ್ಸಿನ ಎಂಜಿನ್ನಿನ ಸದ್ದನ್ನು ಮೀರಿಸಲು ಎಲ್ಲರೂ ದನಿ ಏರಿಸುತ್ತಾರೆ. ಕಿವಿಗೆ ಸರಿಯಾದ ಟಿಪ್ಪು ಕೂತರೆ ಹೊರಗಿನ ಸದ್ದು ತಾನೇ ತಗ್ಗುವುದರಿಂದ ಏರಿಸುವ ಅಗತ್ಯವೇ ಬೀಳುವುದಿಲ್ಲ.

ಚಿಂತಾಮಣಿಯಲ್ಲಿ ಆ ಹಿರಿಯರು ಇಯರ್‌ಫೋನನ್ನು ಕೂಡಲೇ ಹಿಂದಿರುಗಿಸಲಿಲ್ಲ. ರೆಕಾರ್ಡಿಂಗ್ ಮುಗಿದ ಮೇಲೂ ಹಾಗೇ ಕಿವಿಯಲ್ಲಿ ಇಟ್ಟುಕೊಂಡಿದ್ದು, ಪಕ್ಕದವನಿಗೆ ಒಂದು ಏಟು ಬಾರಿಸಲು ಸನ್ನೆ ಮಾಡಿದರು. ಬಾರಿಸಿದ. ಇನ್ನೊಂದು ಬಾರಿಸಲು ಹೇಳಿದರು. ಆಮೇಲೆ ನನ್ನನ್ನು ಕೇಳಿದರು: ‘ಹಾಡು ಹಾಕ್ದೆ ಇದ್ರೂ ಇದು ಕೆಲ್ಸ ಮಾಡ್ತದಾ ಮೇಷ್ಟ್ರೇ?’ ಐವತ್ತು ವರ್ಷ ಎಡ ಹೆಗಲಿಗೆ ತಮಟೆ ನೇತುಹಾಕಿಕೊಂಡವರು. ಎಡಗಿವಿಯಲ್ಲಿ ರಾತ್ರಿ ಹೊತ್ತು ಜೀರುಂಡೆ ಕೂಗಿದ ಹಾಗಾಗುತ್ತದೆ ಎಂದರು. ಇಷ್ಟು ವರ್ಷಗಳಲ್ಲಿ ನನಗೆ ಬಂದ ಪ್ರಶ್ನೆಗಳಲ್ಲಿ ಅಷ್ಟು ಒಳ್ಳೆಯದು ಇನ್ನೊಂದಿಲ್ಲ. ಅದಕ್ಕೆ ಇಯರ್‌ಫೋನೇ ಬೇಕಿಲ್ಲ, ಫೋಮಿನ ಬಿರಡೆ ಸಾಕು ಎಂದು ಹೇಳಿ, ಮರುವಾರ ಮೆಡಿಕಲ್ ಸ್ಟೋರಿನಲ್ಲಿ ಹತ್ತು ಜೊತೆ ಕೊಂಡು ಅವರ ಊರಿಗೆ ಹೋಗಿ ಕೊಟ್ಟು, ಕಿವಿಯ ಡಾಕ್ಟರಿಗೆ ತೋರಿಸಿಕೊಳ್ಳಲೇಬೇಕೆಂದು ಒತ್ತಾಯ ಮಾಡಿ ಬಂದೆ. ಕಳೆದ ತಿಂಗಳು ಸಂತೆಯಲ್ಲಿ ಸಿಕ್ಕಿದ್ದರು. ಎರಡೂ ಕಿವಿಗೆ ಇಟ್ಟುಕೊಂಡರೆ ಹುಡುಗರ ಸಣ್ಣ ಕಡ್ಡಿ ಕೇಳಿಸುವುದಿಲ್ಲವಂತೆ, ಅದಕ್ಕೆ ಎಡಗಿವಿಗೆ ಮಾತ್ರ ಇಟ್ಟುಕೊಂಡು ಬಾರಿಸುತ್ತಿದ್ದಾರೆ.