ಮಾರ್ಚಲ್ಲಿ ಕೆರೆ ದಂಡೆ, ಮತ್ತೆ ಆ ಹತ್ತೊಂಬತ್ತು ನಿಮಿಷ

ಚಳಿಗಾಲದಲ್ಲಿ ಕೆರೆಗೆ ಹೋದ್ರೆ ಬಾತುಗಳ ಜಾತ್ರೆನೇ ಇರತ್ತೆ ನಿಜ, ಆದ್ರೆ ನಂಗೆ ಮಾರ್ಚೇ ಇಷ್ಟ. ಸೂಜಿಬಾಲದ ಬಾತು, ಶವೆಲರ್ ಬಾತು ಎಲ್ಲ ಉತ್ತರದ ಕಡೆ ಹೊರಟಿರ್ತವೆ, ಉಳ್ಕೊಂಡವು ಮದುವೆಗೆ ರೆಡಿ ಆದಂಗೆ ಬಣ್ಣ ಬಳ್ಕೊಂಡಿರ್ತವೆ. ಗೋವಕ್ಕಿ ತಲೆ ಕತ್ತೆಲ್ಲ ಕಿತ್ತಳೆ, ಚಿಕ್ಕ ಬೆಳ್ಳಕ್ಕಿಗೆ ತಲೆ ಹಿಂದೆ ಎರಡು ಉದ್ದ ಗರಿ. ಬೆಳ್ಳಕ್ಕಿಗಳ ಇಂಥ ಗರಿನೆಲ್ಲ ಟೋಪಿಗೆ ಸಿಕ್ಕಿಸ್ಕೊಳೋ ಫ್ಯಾಶನ್ ಇತ್ತು ಒಂದು ಕಾಲದಲ್ಲಿ, ಅದನ್ನ ವಿರೋಧಿಸಿ 1889ರಲ್ಲಿ ಇಂಗ್ಲೆಂಡಿನ ಹೆಂಗಸರು ಕಟ್ಟಿದ ಗುಂಪೇ ಇವತ್ತಿನ ಆರ್‌ಎಸ್‌ಪಿಬಿ, ಅಂದ್ರೆ ಬ್ರಿಟನ್ನಿನ ಹಕ್ಕಿ ಸಂರಕ್ಷಣಾ ಸಂಸ್ಥೆ.

ಬೆಳ್ಳಕ್ಕಿ ಫೋಟೋ ತೆಗೆಯೋರಿಗೆ ಒಂದ್ಮಾತು, ಎಕ್ಸ್‌ಪೋಶರ್ ಸ್ವಲ್ಪ ಇಳಿಸಿ, ಇಲ್ಲಾಂದ್ರೆ ಗರಿ ಡೀಟೇಲ್ ಎಲ್ಲ ಸುಣ್ಣ ಬಳಿದಂಗೆ ಆಗತ್ತೆ. ಹಾರೋ ಹಕ್ಕಿಗೆ ಶಟರ್ ಸ್ಪೀಡ್ 1/2000 ಸೆಕೆಂಡ್. ಬಿಸಿಲು ಏರಿದ ಮೇಲೆ ಏನ್ ಮಾಡಿದ್ರೂ ಶಾರ್ಪ್ ಬರಲ್ಲ, ನೀರ ಮೇಲಿನ ಗಾಳಿನೇ ಬಿಸಿಯಾಗಿ ಕುಣೀತಿರತ್ತೆ, ನಾನು ಒಂದ್ಸಲ ಲೆನ್ಸ್ ಕೆಟ್ಟೋಯ್ತು ಅಂತ ರಿಪೇರಿಗೇ ಹೊರಟಿದ್ದೆ.

ಸರಿ, ಹೇಳ್ಬೇಕಾಗಿದ್ದು ಗುಳುಮುಳುಕನ ಕಥೆ. ನೀರಲ್ಲಿ ಮುಳುಗಿ ಏಳೋ ಪುಟ್ಟ ಹಕ್ಕಿ, ಈ ಟೈಮಲ್ಲಿ ಕೆನ್ನೆ ಕತ್ತು ಇಟ್ಟಿಗೆ ಕೆಂಪು, ಕೊಕ್ಕಿನ ಬುಡದಲ್ಲಿ ಹಳದಿ ಬೊಟ್ಟು. ಜೊಂಡಿನ ಪಕ್ಕ ತೇಲೋ ಗೂಡಿನ ಮೇಲೆ ಕೂತಿತ್ತು. ಫ್ರೇಮ್ ತುಂಬಾ ಬರ್ಲಿ ಅಂತ ನಾನು ಕೆಸರಲ್ಲಿ ಇಷ್ಟಿಷ್ಟೇ ಮುಂದೆ ಮುಂದೆ ಹೋದೆ. ಅದು ಗಡಿಬಿಡಿಲಿ ಕೊಳೆತ ಜೊಂಡು ಎಳೆದೆಳೆದು ಮೊಟ್ಟೆ ಮೇಲೆ ಹಾಕಿ ಪುಳಕ್ ಅಂತ ಮುಳುಗ್ತು. ಆಹಾ ಆಕ್ಷನ್ ಶಾಟ್ ಅಂತ ಕುಣಿದೆ ನಾನು.

ಮನೆಗೆ ಬಂದು ಲ್ಯಾಪ್‌ಟಾಪಲ್ಲಿ ನೋಡ್ತೀನಿ, ಎರಡು ಮೊಟ್ಟೆ ಸರಿಯಾಗಿ ಮುಚ್ಚೇ ಇಲ್ಲ, ಬೆಳ್ಳಗೆ ಕಾಣ್ತಾ ಇವೆ. ಮೊದಲನೇ ಫೋಟೋ ಟೈಮ್ 7:12, ಕೊನೇದು 7:31, ಅದ್ರಲ್ಲೂ ಗೂಡು ಖಾಲಿ, ಹಕ್ಕಿ ಮೂಲೇಲಿ ಬರೀ ತಲೆ ಹೊರಗಿಟ್ಟು ನನ್ನನ್ನೇ ನೋಡ್ತಿದೆ. ಹತ್ತೊಂಬತ್ತು ನಿಮಿಷ ಮೊಟ್ಟೆಗೆ ಕಾವಿಲ್ಲ, ಮೇಲೆ ಕಾಗೆ ಬೇರೆ ಸುತ್ತಾಡ್ತಿತ್ತು, ನಾನು ಯಾವ್ದೋ ಒಳ್ಳೆ ಆಂಗಲ್ ಹುಡುಕ್ತಾ ನಿಂತಿದ್ದೆ. ಉದ್ದ ಕಾಲಿನ ಮೆಟ್ಟುಗಾಲು ಹಕ್ಕಿ ಆದ್ರೆ ತಲೆ ಮೇಲೆ ಬಂದು ಕಿಕ್ ಕಿಕ್ ಅಂತ ಬೈದು ಓಡಿಸತ್ತೆ, ಇದು ಪಾಪ ಸುಮ್ನೆ ಕಾಯತ್ತೆ. ಆ ಫೋಟೋ ಎಲ್ಲೂ ಹಾಕಿಲ್ಲ.

ಆಮೇಲೆ ಹೋದಾಗೆಲ್ಲ ದೂರದಲ್ಲಿ ಕೆರೆ ಏರಿ ಮೇಲೇ ಕೂರ್ತೀನಿ, ಬೆಳಕಾಗೋಕೆ ಮುಂಚೆನೇ. ಕೆಲವು ವಾರ ಆದ್ಮೇಲೆ ಬೈನಾಕ್ಯುಲರಲ್ಲಿ ಕಂಡಿದ್ದು, ಒಂದು ಗುಳುಮುಳುಕ, ಅದರ ಬೆನ್ನಿನ ರೆಕ್ಕೆ ಮಧ್ಯದಿಂದ ಪಟ್ಟೆಪಟ್ಟೆ ತಲೆ ಇಣುಕ್ತಿತ್ತು, ಅದೇ ಜೋಡಿನೋ ಬೇರೆನೋ ಗೊತ್ತಿಲ್ಲ. ಅಲ್ಲಿಂದಲೇ ಒಂದು ಕ್ಲಿಕ್ ಮಾಡ್ದೆ. ಫ್ರೆಂಡ್‌ಗೆ ಕಳ್ಸಿದ್ರೆ ಜೂಮ್ ಮಾಡಿ ಮಾಡಿ ನೋಡಿ, ಇದ್ರಲ್ಲಿ ಹಕ್ಕಿ ಎಲ್ಲಿದೆಯೋ ಅಂದ.